ಹೆದರಿಸಿದರೆ ಹುಡುಗರು ತಿದ್ದಿಕೊಳ್ಳುತ್ತಾರೆಯೇ?

ಮಗು ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ. ಇನ್ನಷ್ಟು ದೊಡ್ಡದಾಗಿ ಹಟ ಹಿಡಿದರೆ ಪೊಲೀಸಪ್ಪ ಬರುತ್ತಾನೆ. ಹೈಸ್ಕೂಲು ಸೇರಿದ ಮೇಲೆ ಆ ಪಾತ್ರ ಹೆಡ್‌ಮಾಸ್ಟರರಿಗೆ ವರ್ಗವಾಗುತ್ತದೆ. ನಮ್ಮ ಮನೆಗಳಲ್ಲಿ ಭಯವೆಂಬುದು ಉಪ್ಪಿನಕಾಯಿ ಜಾಡಿಯಂತೆ ಸದಾ ಕೈಗೆಟುಕುವ ಜಾಗದಲ್ಲೇ ಇರುತ್ತದೆ. ‘ಸಾರ್, ಇವನನ್ನ ಒಂದ್ಸಲ ಸ್ಟೇಷನ್ನಿಗೆ ಕರ್ಕೊಂಡ್ಹೋಗಿ ಜೈಲು ಅಂದ್ರೇನು ಅಂತ ತೋರಿಸ್ಬಿಡಿ, ಆಮೇಲೆ ತಾನಾಗೇ ನೆಟ್ಟಗಾಗ್ತಾನೆ’ ಎಂದು ಸ್ಟಾಫ್ ರೂಮಿಗೆ ಬಂದು ಕೇಳಿಕೊಂಡ ತಂದೆಯರನ್ನು ನನ್ನ ವೃತ್ತಿಯಲ್ಲಿ ಬಹಳ ಮಂದಿಯನ್ನು ಕಂಡಿದ್ದೇನೆ. ಅವರ ಕಾಳಜಿಯಲ್ಲಿ ಕಪಟವಿಲ್ಲ. ದಂಡಂ ದಶಗುಣಂ ಎಂದು ಕೇಳುತ್ತಲೇ ಬೆಳೆದವರು ನಾವೆಲ್ಲ.

ಆದರೆ ಜೈಲು ತೋರಿಸಿದ ಹುಡುಗ ನಿಜಕ್ಕೂ ನೆಟ್ಟಗಾಗುತ್ತಾನೆಯೇ? ಇದು ತೀರಾ ಸರಳವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಅಭಿಪ್ರಾಯ ಸಾಲದು, ಲೆಕ್ಕ ಬೇಕು. ಅಂಥ ಲೆಕ್ಕವನ್ನು ಹಾಕಿದವರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅಪರಾಧ ನ್ಯಾಯ ವಿಭಾಗದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಫಿಂಕನಾವರ್. ಅದನ್ನು ಮುಂದುವರಿಸಿ ಪೂರ್ತಿ ಮಾಡಿದವರು ಅದೇ ವಿಭಾಗದಲ್ಲಿ ಓದಿದ ವಿದ್ಯಾರ್ಥಿ ಆಂಟನಿ ಪೆಟ್ರೊಸಿನೊ. ಪೊಲೀಸು, ನ್ಯಾಯಾಲಯ, ಸೆರೆಮನೆ ಈ ಮೂರನ್ನೂ ಒಂದೇ ವ್ಯವಸ್ಥೆಯಾಗಿ ಇಟ್ಟುಕೊಂಡು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಅಪರಾಧ ನ್ಯಾಯಶಾಸ್ತ್ರ ಎನ್ನಬಹುದು. ಅದು ವಕೀಲಿ ಓದಲ್ಲ, ಪೊಲೀಸ್ ತರಬೇತಿಯೂ ಅಲ್ಲ. ವಿಜ್ಞಾನದ ಮೇಷ್ಟರಾದ ನನಗೆ ಅದರಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಕಾರಣ ಅವರ ಕೆಲಸದ ಕ್ರಮ. ನಮ್ಮ ಪ್ರಯೋಗಾಲಯದ ಕ್ರಮವೇ ಅದು.

ಜೀವಾವಧಿ ಕೈದಿಗಳ ಪಾಠ

ನ್ಯೂಜೆರ್ಸಿಯಲ್ಲಿ ರಾವೆ ಎಂಬಲ್ಲಿ ಒಂದು ದೊಡ್ಡ ಸೆರೆಮನೆ ಇದೆ. ಅಲ್ಲಿದ್ದ ಜೀವಾವಧಿ ಕೈದಿಗಳು 1975ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ದಾರಿ ತಪ್ಪುತ್ತಿರುವ ಹುಡುಗರಿಗೆ ತಮ್ಮ ಬದುಕನ್ನೇ ತೋರಿಸಿ ಎಚ್ಚರಿಸಬೇಕು ಎಂಬುದು ಅವರ ಯೋಚನೆ. ಮರುವರ್ಷ ಕಾರ್ಯಕ್ರಮ ಶುರುವಾಯಿತು. ಹದಿಹರೆಯದ ಮಕ್ಕಳನ್ನು ಗುಂಪಾಗಿ ಜೈಲಿನೊಳಕ್ಕೆ ಕರೆತರುವುದು, ಹಿಂದೆ ಕಬ್ಬಿಣದ ಬಾಗಿಲು ಹಾಕುವುದು, ಆಮೇಲೆ ಕೈದಿಗಳು ಅವರ ಮುಖಕ್ಕೆ ಮುಖ ಕೊಟ್ಟು ಕಿರುಚುತ್ತ, ಬಯ್ಯುತ್ತ, ಒಳಗೆ ಬಂದರೆ ನಿಮ್ಮಂಥ ಎಳೆಯರ ಗತಿ ಏನಾಗುತ್ತದೆ ಎಂದು ಹಸಿಹಸಿಯಾಗಿ ಹೇಳುವುದು. ಕೆಲವು ಗಂಟೆಗಳ ಪಾಠ, ಅಷ್ಟೆ.

1978ರಲ್ಲಿ ಇದರ ಸಾಕ್ಷ್ಯಚಿತ್ರ ಬಂತು. ಹೆಸರು ‘ಸ್ಕೇರ್ಡ್ ಸ್ಟ್ರೇಟ್’, ಅಂದರೆ ಹೆದರಿಕೆಯಿಂದ ನೆಟ್ಟಗಾದವರು. ನಿರೂಪಣೆ ಮಾಡಿದವರು ಹೆಸರಾಂತ ನಟ ಪೀಟರ್ ಫಾಕ್. ಒಳಗೆ ಹೋಗುವಾಗ ಚ್ಯೂಯಿಂಗ್ ಗಮ್ ಅಗಿಯುತ್ತ ನಗುತ್ತಿದ್ದ ಹುಡುಗರು ಹೊರಗೆ ಬರುವಾಗ ಬಿಳಿಚಿಕೊಂಡಿರುತ್ತಾರೆ. ಚಿತ್ರದಲ್ಲಿದ್ದ 17 ಮಕ್ಕಳಲ್ಲಿ 16 ಮಂದಿ ಮೂರು ತಿಂಗಳಾದರೂ ಯಾವ ತಂಟೆಗೂ ಹೋಗಲಿಲ್ಲವೆಂದು ಹೇಳಲಾಯಿತು. 1979ರಲ್ಲಿ ಚಿತ್ರಕ್ಕೆ ಆಸ್ಕರ್ ಬಂತು. ಅಮೆರಿಕದ ಮೂವತ್ತಕ್ಕೂ ಹೆಚ್ಚು ಕಡೆ ಇದೇ ಬಗೆಯ ಕಾರ್ಯಕ್ರಮಗಳು ತಲೆಯೆತ್ತಿದವು. ಖರ್ಚು ಕಡಿಮೆ, ಕೈದಿಗಳಿಗೂ ಒಂದು ಪ್ರಾಯಶ್ಚಿತ್ತ, ತಂದೆತಾಯಿಗಳಿಗೆ ಸಮಾಧಾನ, ರಾಜಕಾರಣಿಗಳಿಗೆ ಭಾಷಣದ ವಿಷಯ. ಯಾರಿಗೆ ಬೇಡ?

ಎರಡು ಕುಂಡಗಳ ಲೆಕ್ಕ

ಈಗ ನಮ್ಮ ಎಂಟನೇ ತರಗತಿಯ ಮಕ್ಕಳನ್ನು ಒಂದು ಪ್ರಶ್ನೆ ಕೇಳೋಣ. ಹೊಸ ಗೊಬ್ಬರ ಹಾಕಿದ ಕುಂಡದಲ್ಲಿ ಅವರೆ ಗಿಡ ಚೆನ್ನಾಗಿ ಬೆಳೆಯಿತು. ಗೊಬ್ಬರದಿಂದಲೇ ಬೆಳೆಯಿತು ಎನ್ನಬಹುದೇ? ‘ಆಗೋದಿಲ್ಲ ಸಾರ್, ಗೊಬ್ಬರ ಹಾಕದ ಇನ್ನೊಂದು ಕುಂಡ ಪಕ್ಕದಲ್ಲೇ ಇರಬೇಕು. ಅದೇ ಮಣ್ಣು, ಅದೇ ನೀರು, ಅದೇ ಬಿಸಿಲು’ ಎಂದು ಹಿಂದಿನ ಬೆಂಚಿನವನೂ ಹೇಳಿಯಾನು. ರಾವೆ ಕಾರ್ಯಕ್ರಮದಲ್ಲಿ ಇಲ್ಲದಿದ್ದದ್ದು ಈ ಎರಡನೇ ಕುಂಡ. ಜೈಲು ನೋಡದೇ ಇದ್ದಿದ್ದರೂ ಆ 16 ಹುಡುಗರು ಮೂರು ತಿಂಗಳು ಸುಮ್ಮನೆ ಇರುತ್ತಿದ್ದರೋ ಏನೋ, ಯಾರಿಗೆ ಗೊತ್ತು?

ಫಿಂಕನಾವರ್ ಮಾಡಿದ್ದು ಆ ಎರಡನೇ ಕುಂಡವನ್ನು ಇಡುವ ಕೆಲಸ. ಕಾರ್ಯಕ್ರಮಕ್ಕೆ ಕಳುಹಿಸಬಹುದಾದ ಮಕ್ಕಳನ್ನು ಅವರು ಎರಡು ಗುಂಪು ಮಾಡಿದರು. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟಕ್ಕೂ ಸಿಗದಂತೆ ತೀರ್ಮಾನವಾಗಬೇಕು. ಇದೇ ಇಡೀ ಪ್ರಯೋಗದ ಜೀವಾಳ. ಒಳ್ಳೆಯ ಹುಡುಗರನ್ನೇ ಆರಿಸಿ ಒಂದು ಕಡೆ ಹಾಕಿದರೆ ಲೆಕ್ಕವೇ ಕೆಟ್ಟಿತು. ಕೊನೆಗೆ ಜೈಲಿಗೆ ಹೋಗಿ ಬಂದವರು 46, ಹೋಗದವರು 35. ಆರು ತಿಂಗಳ ನಂತರ ದಾಖಲೆಗಳನ್ನು ತೆಗೆದು ನೋಡಿದರು.

ಜೈಲು ನೋಡದ 35 ಮಂದಿಯಲ್ಲಿ ಹೊಸದಾಗಿ ಅಪರಾಧಕ್ಕೆ ಸಿಕ್ಕಿಬಿದ್ದವರು 4. ಜೈಲು ನೋಡಿ ಬಂದ 46 ಮಂದಿಯಲ್ಲಿ 19. ಶೇಕಡಾವಾರು ನೋಡಿದರೆ ಅಲ್ಲಿ 11, ಇಲ್ಲಿ 41.

ಗೊಬ್ಬರ ಹಾಕಿದ ಗಿಡವೇ ಬಾಡಿತ್ತು. ಕಾರ್ಯಕ್ರಮ ಉಪಯೋಗಕ್ಕೆ ಬರಲಿಲ್ಲ ಎಂದಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಇಲ್ಲಿ ಹಾನಿಯೇ ಆದಂತಿತ್ತು. ಹಿಂದೆ ಯಾವ ಅಪರಾಧದ ದಾಖಲೆಯೂ ಇಲ್ಲದ ಮಕ್ಕಳಲ್ಲೂ ಹೋಗಿ ಬಂದವರ ಸ್ಥಿತಿ ಹೋಗದವರಿಗಿಂತ ಕೆಟ್ಟಿತ್ತು.

ಸಹಜವಾಗಿಯೇ ಗದ್ದಲವಾಯಿತು. ಪ್ರಯೋಗದಲ್ಲಿ ಒಂದು ಕೊರತೆಯೂ ಇತ್ತು. ಮಕ್ಕಳನ್ನು ಕಳುಹಿಸುವ ಸಂಸ್ಥೆಗಳಲ್ಲಿ ಕೆಲವು ಚೀಟಿಯ ಪ್ರಕಾರ ನಡೆದುಕೊಳ್ಳಲಿಲ್ಲ. ‘ಇವನಿಗೆ ಜೈಲು ತೋರಿಸಲೇಬೇಕು’ ಎಂದು ತಮಗೆ ತೋಚಿದವರನ್ನು ಕಳುಹಿಸಿಬಿಟ್ಟವು. ಹೀಗಾಗಿ 81 ಮಕ್ಕಳ ಈ ಒಂದೇ ಪ್ರಯೋಗದ ಮೇಲೆ ಕಣ್ಣುಮುಚ್ಚಿ ಭಾರ ಹಾಕುವಂತಿರಲಿಲ್ಲ. 1982ರಲ್ಲಿ ಫಿಂಕನಾವರ್ ಇದನ್ನೆಲ್ಲ ಪುಸ್ತಕವಾಗಿ ಬರೆದರು. ಎಲ್ಲ ರೋಗಕ್ಕೂ ಒಂದೇ ಔಷಧಿ ಹುಡುಕುವ ಸಮಾಜದ ಚಾಳಿಯನ್ನು ಆ ಪುಸ್ತಕ ಚೆನ್ನಾಗಿ ಜಾಲಾಡುತ್ತದೆ.

ಕಡತದಲ್ಲಿ ಕೂತಿದ್ದ ಉತ್ತರ

ಪೆಟ್ರೊಸಿನೊ ರಟ್ಗರ್ಸ್‌ನಲ್ಲಿ ಪಿಎಚ್‌.ಡಿ. ಮಾಡಿದವರು. ಅವರು ಹೊಸ ಪ್ರಯೋಗ ಹೂಡಲಿಲ್ಲ. ಇಂಥ ಪ್ರಯೋಗಗಳನ್ನು ಎಲ್ಲೆಲ್ಲಿ ಯಾರ್ಯಾರು ಮಾಡಿದ್ದಾರೋ ಅವನ್ನೆಲ್ಲ ಹುಡುಕಿ ಒಟ್ಟುಗೂಡಿಸುವ ಕೆಲಸ ಹಿಡಿದರು. ಕೇಳಲು ಗುಮಾಸ್ತಿಕೆಯಂತಿದೆ. ಆದರೆ ಸಂಶೋಧನೆಯಲ್ಲಿ ಇದರಷ್ಟು ತಾಳ್ಮೆ ಬೇಡುವ, ಇದರಷ್ಟು ಫಲ ಕೊಡುವ ಕೆಲಸ ಕಡಿಮೆ. ಅಚ್ಚಾದ ಪ್ರಬಂಧಗಳು ಸುಲಭವಾಗಿ ಸಿಗುತ್ತವೆ. ಅಚ್ಚಾಗದೆ ಸರ್ಕಾರಿ ಕಪಾಟುಗಳಲ್ಲಿ ಧೂಳು ತಿನ್ನುತ್ತಿರುವ ವರದಿಗಳನ್ನು ಹುಡುಕಬೇಕು. ಅನುಕೂಲವಲ್ಲದ ಫಲಿತಾಂಶಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ.

1967ರಿಂದ 1992ರವರೆಗೆ ನಡೆದ ಒಂಬತ್ತು ಪ್ರಯೋಗಗಳು ಸಿಕ್ಕವು. ಎಲ್ಲವೂ ಚೀಟಿ ಎತ್ತುವ ಕ್ರಮದವು, ಎಲ್ಲವೂ ಅಮೆರಿಕದವು, ಒಟ್ಟು ಮಕ್ಕಳು ಸಾವಿರದ ಹತ್ತಿರ. ಅವುಗಳಲ್ಲಿ ಅತ್ಯಂತ ಹಳೆಯದು ಮಿಚಿಗನ್ ರಾಜ್ಯದ ಸೆರೆಮನೆ ಇಲಾಖೆಯದು. ಅರವತ್ತು ಹುಡುಗರು. ಜೈಲಿಗೆ ಭೇಟಿ ಕೊಟ್ಟವರಲ್ಲಿ ಮತ್ತೆ ತಪ್ಪು ಮಾಡಿದವರು ಶೇ. 43, ಕೊಡದವರಲ್ಲಿ ಶೇ. 17. ಅದನ್ನು ಮಾಡಿದ ವರ್ಷ ನೋಡಿ: 1967. ರಾವೆ ಕಾರ್ಯಕ್ರಮ ಹುಟ್ಟುವ ಒಂಬತ್ತು ವರ್ಷ ಮೊದಲೇ ಉತ್ತರ ಕಡತದಲ್ಲಿತ್ತು! ಆ ವರದಿಯಲ್ಲೇ ಇಷ್ಟು ದೊಡ್ಡ ವ್ಯತ್ಯಾಸದ ಬಗ್ಗೆ ಹೆಚ್ಚಿನ ಚರ್ಚೆಯಿಲ್ಲ. ಯಾರೂ ತೆಗೆದು ಓದಲಿಲ್ಲ, ಚಿತ್ರಕ್ಕೆ ಆಸ್ಕರ್ ಬಂತು.

ಗುರು ಶಿಷ್ಯರಿಬ್ಬರೂ ಇನ್ನೊಬ್ಬ ಸಂಶೋಧಕಿಯೊಡನೆ ಸೇರಿ 2000ದಲ್ಲಿ ಇದನ್ನು ಪ್ರಕಟಿಸಿದರು. 2002ರಲ್ಲಿ ವಿಸ್ತಾರವಾದ ಪರಿಶೀಲನೆ ಬಂತು, 2013ರಲ್ಲಿ ಅದನ್ನು ಪರಿಷ್ಕರಿಸಿದರು. ಪ್ರತಿ ಬಾರಿಯೂ ತೀರ್ಮಾನ ಒಂದೇ. ಮಕ್ಕಳನ್ನು ಹೀಗೆ ಜೈಲು ತೋರಿಸಿ ಹೆದರಿಸುವುದಕ್ಕಿಂತ ಏನೂ ಮಾಡದೆ ಬಿಡುವುದು ಮೇಲು. ಹಾಗೆಂದು ಕಾರ್ಯಕ್ರಮಗಳು ನಿಂತವೇ? 2011ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಅದೇ ನಮೂನೆಯ ಹೊಸ ಸರಣಿಯೊಂದು ಆರಂಭವಾಯಿತು. ಅಲ್ಲಿನ ನ್ಯಾಯ ಇಲಾಖೆಯ ಇಬ್ಬರು ಹಿರಿಯ ಅಧಿಕಾರಿಗಳು ‘ಇದರಿಂದ ಪ್ರಯೋಜನವಿಲ್ಲ, ಹಾನಿಯಿದೆ’ ಎಂದು ಪತ್ರಿಕೆಯಲ್ಲಿ ಬರೆದರೂ ಸರಣಿ ವರ್ಷಗಟ್ಟಲೆ ಓಡಿತು. ನೋಡಲು ರೋಮಾಂಚನವಾಗಿದ್ದರೆ ಸಾಕು, ಲೆಕ್ಕ ಯಾರು ಕೇಳುತ್ತಾರೆ!

ಪ್ರೀತಿಯಿಂದ ಮಾಡಿದ್ದೂ ಕೆಡಬಹುದು

ಹೆದರಿಸಿದ್ದು ತಪ್ಪಾಯಿತು, ಪ್ರೀತಿಯಿಂದ ತಿದ್ದಿದರೆ ಖಂಡಿತ ಸರಿಹೋಗುತ್ತದೆ ಎನ್ನುವವರು ಜೋನ್ ಮೆಕ್‌ಕಾರ್ಡ್ ಅವರ ಕೆಲಸವನ್ನೂ ನೋಡಬೇಕು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಅಪರಾಧ ನ್ಯಾಯದ ಪ್ರಾಧ್ಯಾಪಕಿಯಾಗಿದ್ದ ಇವರು 2004ರಲ್ಲಿ ತೀರಿಕೊಂಡರು. ಅಮೆರಿಕದ ಅಪರಾಧಶಾಸ್ತ್ರ ಸಂಘಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ. ಮೊದಲು ಶಾಲಾ ಶಿಕ್ಷಕಿಯಾಗಿದ್ದವರು ಎಂಬುದನ್ನು ನಮ್ಮ ವೃತ್ತಿಬಾಂಧವರು ಗಮನಿಸಬೇಕು.

ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಊರುಗಳಲ್ಲಿ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬ ವೈದ್ಯರ ಕನಸಿನಂತೆ 1939ರಲ್ಲಿ ಒಂದು ಯೋಜನೆ ಶುರುವಾಯಿತು. 506 ಹುಡುಗರು. ಒಂದೇ ವಯಸ್ಸು, ಒಂದೇ ಬಗೆಯ ಮನೆ, ಒಂದೇ ಸ್ವಭಾವದವರನ್ನು ಜೋಡಿ ಜೋಡಿಯಾಗಿ ಹೊಂದಿಸಿ, ನಾಣ್ಯ ಚಿಮ್ಮಿ, ಜೋಡಿಯಲ್ಲಿ ಒಬ್ಬನಿಗೆ ನೆರವು, ಇನ್ನೊಬ್ಬನಿಗೆ ಇಲ್ಲ. ನೆರವೆಂದರೆ ಸಲಹೆಗಾರರು ಮನೆಗೇ ಬಂದು ವಿಚಾರಿಸಿಕೊಳ್ಳುವುದು, ಟ್ಯೂಷನ್, ವೈದ್ಯಕೀಯ ಸಹಾಯ, ಬೇಸಿಗೆ ಶಿಬಿರ. ಸರಾಸರಿ ಐದು ವರ್ಷ ನಡೆಯಿತು.

1950ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಸಂಶೋಧನಾ ಸಹಾಯಕಿಯಾಗಿ ಮೆಕ್‌ಕಾರ್ಡ್ ಈ ಹುಡುಗರ ಕಡತಗಳನ್ನು ಮೊದಲ ಬಾರಿ ಕೈಗೆತ್ತಿಕೊಂಡರು. 1970ರ ದಶಕದಲ್ಲಿ ಮತ್ತೆ ಅವರ ಬೆನ್ನುಹತ್ತಿದರು. ಆಗ ಆ ಹುಡುಗರಿಗೆ ನಲವತ್ತು ದಾಟಿತ್ತು. ನ್ಯಾಯಾಲಯ, ಆಸ್ಪತ್ರೆ, ಮರಣ ನೋಂದಣಿ ಕಚೇರಿಗಳನ್ನೆಲ್ಲ ಜಾಲಾಡಿ ಹೆಚ್ಚುಕಡಿಮೆ ಎಲ್ಲರನ್ನೂ ಪತ್ತೆ ಹಚ್ಚಿದ್ದು ಒಂದು ಸಾಹಸ. ನೆರವು ಪಡೆದವರಲ್ಲಿ ಮೂರನೇ ಎರಡರಷ್ಟು ಮಂದಿ ‘ಯೋಜನೆಯಿಂದ ನಮಗೆ ಒಳ್ಳೆಯದಾಯಿತು’ ಎಂದೇ ಹೇಳಿದರು. ಆದರೆ ಲೆಕ್ಕ ಬೇರೆ ಹೇಳುತ್ತಿತ್ತು. ಒಂದಕ್ಕಿಂತ ಹೆಚ್ಚು ಬಾರಿ ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಮಾನಸಿಕ ಕಾಯಿಲೆಗೆ ತುತ್ತಾದವರು ನೆರವು ಪಡೆದ ಗುಂಪಿನಲ್ಲೇ ಹೆಚ್ಚು. ಸತ್ತವರೂ ಅಲ್ಲೇ ಚಿಕ್ಕ ವಯಸ್ಸಿನಲ್ಲಿ ಸತ್ತಿದ್ದರು. ಮುಂದೆ ಇನ್ನೂ ಬಿಡಿಸಿ ನೋಡಿದಾಗ ಬೇಸಿಗೆ ಶಿಬಿರಗಳಿಗೆ ಒಂದಕ್ಕಿಂತ ಹೆಚ್ಚು ಸಲ ಹೋದ ಹುಡುಗರಲ್ಲಿ ಈ ಹಾನಿ ಎದ್ದು ಕಂಡಿತು. ತುಂಟರನ್ನೆಲ್ಲ ಒಂದೆಡೆ ಸೇರಿಸಿದರೆ ಒಬ್ಬರ ಪ್ರತಾಪಕ್ಕೆ ಇನ್ನೊಬ್ಬರು ಚಪ್ಪಾಳೆ ತಟ್ಟಿ ಕಲಿಸುತ್ತಾರೆ ಎಂಬುದು ಮೆಕ್‌ಕಾರ್ಡ್ ಮತ್ತು ಅವರ ಸಂಗಡಿಗರು ಕೊಟ್ಟ ವಿವರಣೆ. ‘ಎ’ ಸೆಕ್ಷನ್, ‘ಬಿ’ ಸೆಕ್ಷನ್ ಎಂದು ಮಕ್ಕಳನ್ನು ಜರಡಿ ಹಿಡಿಯುವ ಶಾಲೆಗಳು ಇದನ್ನು ಸ್ವಲ್ಪ ಯೋಚಿಸಬಹುದು.

ಭಯ ಏಕೆ ತಿರುಗುಬಾಣವಾಗುತ್ತದೆ ಎಂಬುದಕ್ಕೂ ಹಲವು ವಿವರಣೆಗಳಿವೆ. ಹದಿನೈದರ ಹುಡುಗನ ಕಣ್ಣಿಗೆ ಕಟ್ಟುಮಸ್ತಾದ ಕೈದಿ ಎಚ್ಚರಿಕೆಯಾಗಿ ಕಾಣದೆ ನಾಯಕನಾಗಿ ಕಾಣಬಹುದು. ‘ನೀನು ಹೆದರಿದೆ’ ಎಂದು ಗೆಳೆಯರು ಛೇಡಿಸಿದಾಗ ಹೆದರಿಲ್ಲವೆಂದು ತೋರಿಸಲೇಬೇಕಾಗುತ್ತದೆ. ಅಲ್ಲದೆ ಅಪರಾಧಶಾಸ್ತ್ರದಲ್ಲಿ ಮತ್ತೆಮತ್ತೆ ಕಂಡುಬಂದ ಸಂಗತಿಯೊಂದಿದೆ. ಶಿಕ್ಷೆ ಎಷ್ಟು ಘೋರ ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಜನರನ್ನು ಹೆಚ್ಚು ತಡೆಯುತ್ತದೆ. ಜೈಲಿನ ಭೀಕರತೆ ತೋರಿಸಿದರೆ ಘೋರತೆ ತಿಳಿಯುತ್ತದೆಯೇ ಹೊರತು ಖಚಿತತೆ ಹೆಚ್ಚುವುದಿಲ್ಲ.

ವಿದ್ಯಾರ್ಥಿಗಳು ಮಾಡುವುದೇನು?

ಪ್ರಾಧ್ಯಾಪಕರ ಹೆಸರು ಪುಸ್ತಕದ ಮೇಲೆ ಬರುತ್ತದೆ, ನಿಜ. ಒಳಗಿನ ದುಡಿಮೆಯಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳದು. ನ್ಯಾಯಾಲಯದ ಕಡತಗಳಿಂದ ಮಾಹಿತಿ ಎತ್ತಿ ಬರೆದುಕೊಳ್ಳುವುದು, ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸುವುದು, ಉತ್ತರಗಳಿಗೆ ಸಂಕೇತ ಹಾಕಿ ಲೆಕ್ಕಕ್ಕೆ ಸಿದ್ಧಪಡಿಸುವುದು. ಇದನ್ನು ಮಾಡುವವರಿಗೆ ಯಾವ ಹುಡುಗ ಯಾವ ಗುಂಪಿನವನೆಂದು ತಿಳಿಯದಂತೆ ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತದೆ.

ಮಿನಿಯಾಪೊಲಿಸ್ ನಗರದಲ್ಲಿ 1988-89ರಲ್ಲಿ ಲಾರೆನ್ಸ್ ಶರ್ಮನ್ ಮತ್ತು ಡೇವಿಡ್ ವೈಸ್‌ಬರ್ಡ್ ಎಂಬ ಪ್ರಾಧ್ಯಾಪಕರು ಒಂದು ಪ್ರಯೋಗ ನಡೆಸಿದರು. ಅಪರಾಧ ಹೆಚ್ಚಾಗಿ ನಡೆಯುವ 110 ಬೀದಿಮೂಲೆಗಳನ್ನು ಆರಿಸಿ, ಅರ್ಧದಷ್ಟು ಕಡೆ ಪೊಲೀಸ್ ಗಸ್ತು ಹೆಚ್ಚಿಸಿ, ಉಳಿದ ಕಡೆ ಮೊದಲಿನಂತೆಯೇ ಬಿಟ್ಟರು. ತರಬೇತಿ ಪಡೆದ ವೀಕ್ಷಕರು ಆ ಮೂಲೆಗಳಲ್ಲಿ ಒಟ್ಟು 7,542 ಗಂಟೆ ಕುಳಿತು, ಪೊಲೀಸರು ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೋದರು, ಆಮೇಲೆ ಏನಾಯಿತು ಎಂದು ಬರೆದುಕೊಂಡರು. ಆಗ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಕ್ರಿಸ್ಟೋಫರ್ ಕೋಪರ್ ಈ ಟಿಪ್ಪಣಿಗಳ ರಾಶಿಯನ್ನು ಅಳೆದು ನೋಡಿದರು. ಪೊಲೀಸರು ಒಂದು ಕಡೆ ಹತ್ತರಿಂದ ಹದಿನೈದು ನಿಮಿಷ ನಿಂತು ಹೋದರೆ ಅವರು ಹೋದ ಮೇಲೂ ಬಹಳ ಹೊತ್ತು ಶಾಂತಿ ಇರುತ್ತದೆ. ಅದಕ್ಕಿಂತ ಹೆಚ್ಚು ನಿಂತರೆ ಹೆಚ್ಚಿನ ಲಾಭವಿಲ್ಲ. 1995ರಲ್ಲಿ ಪ್ರಕಟವಾದ ಇದನ್ನು ಪೊಲೀಸರು ಈಗಲೂ ಕೋಪರ್ ರೇಖೆ ಎಂದೇ ಕರೆಯುತ್ತಾರೆ. ಬೀದಿಯಲ್ಲಿ ಕುಳಿತು ಟಿಪ್ಪಣಿ ಬರೆದವರಿಲ್ಲದಿದ್ದರೆ ಆ ರೇಖೆ ಎಲ್ಲಿಂದ ಬರಬೇಕಿತ್ತು?

ನಮ್ಮಲ್ಲಿ

‘ಇದೆಲ್ಲ ಅಮೆರಿಕದ ಕತೆ ಸಾರ್, ನಮ್ಮ ಮಕ್ಕಳಿಗೇನು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಲಿನ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ಅಂಟಿಸುವಂತಿಲ್ಲ. ಇಲ್ಲಿನ ಮನೆ ಬೇರೆ, ಬೀದಿ ಬೇರೆ. ಆದರೆ ಕಾನೂನಿನ ಮಟ್ಟಿಗೆ ನಾವು ಹೆದರಿಸುವ ದಾರಿಯನ್ನು ಬಿಟ್ಟಾಗಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ 18 ತುಂಬದವರನ್ನು ಯಾವ ಕಾರಣಕ್ಕೂ ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಅವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಸ್ಟೇಷನ್ ತೋರಿಸಿ ಎಂದು ಕೇಳುವ ತಂದೆಗೆ ನಾನು ಮೊದಲು ಹೇಳುವುದು ಇದನ್ನೇ.

ಓದುವ ಆಸೆಯಿರುವವರಿಗೆ ನಮ್ಮ ರಾಜ್ಯದಲ್ಲೇ ದಾರಿಯಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಈ ವಿಷಯ ಕಲಿಸುತ್ತಾರೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರಲ್ಲಿ ಶಂಕುಸ್ಥಾಪನೆಯಾಯಿತು. ಹೊರಗೆ ಹೋಗುವುದಾದರೆ ಮದ್ರಾಸ್ ವಿಶ್ವವಿದ್ಯಾಲಯ, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಗಳಿವೆ. ಟಾಟಾ ಸಂಸ್ಥೆಯ ‘ಪ್ರಯಾಸ್’ ಎಂಬ ಕ್ಷೇತ್ರಕಾರ್ಯ ಯೋಜನೆ 1990ರಿಂದ ಕೈದಿಗಳ ನಡುವೆ ಕೆಲಸ ಮಾಡುತ್ತಿದೆ. ಒಂದು ಎಚ್ಚರಿಕೆ: ಟಿ.ವಿ. ಧಾರಾವಾಹಿ ನೋಡಿ ರಕ್ತದ ಕಲೆ, ಬೆರಳಚ್ಚು ಎಂದು ಕನಸು ಕಟ್ಟಿಕೊಂಡವರು ವಿಧಿವಿಜ್ಞಾನಕ್ಕೆ ಹೋಗಲಿ. ಅದಕ್ಕೆ ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ನಾನು ಇಲ್ಲಿ ಹೇಳುತ್ತಿರುವ ಕೆಲಸಕ್ಕೆ ಬೇಕಾದದ್ದು ಸಂಖ್ಯಾಶಾಸ್ತ್ರ, ಜನರೊಡನೆ ಮಾತನಾಡುವ ತಾಳ್ಮೆ, ಚೆನ್ನಾದ ಕನ್ನಡ. ಹಳ್ಳಿಯ ಅಜ್ಜಿಯಿಂದ ಉತ್ತರ ಪಡೆಯಲು ಇಂಗ್ಲಿಷ್ ನೆರವಿಗೆ ಬರುವುದಿಲ್ಲ.

ಕೆಲಸ ಸಿಗುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಎಂಜಿನಿಯರಿಂಗ್‌ನಂತೆ ಕ್ಯಾಂಪಸ್ಸಿಗೇ ಬಂದು ಕರೆದೊಯ್ಯುವ ಕೆಲಸ ಇದಲ್ಲ. ಮಕ್ಕಳ ರಕ್ಷಣಾ ಘಟಕ, ಸೆರೆಮನೆ ಕಲ್ಯಾಣ, ಸ್ವಯಂಸೇವಾ ಸಂಸ್ಥೆ, ಅಧ್ಯಾಪನ ಇವು ದಾರಿಗಳು. ಸಂಬಳ ಆರಂಭದಲ್ಲಿ ಸಾಧಾರಣ. ಗೊತ್ತಿದ್ದೇ ಬರಬೇಕು.

ಇನ್ನು ಸಂಶೋಧನೆಗೆ ವಿಷಯ ಬೇಕೆನ್ನುವವರಿಗೆ ಒಂದು ಸೂಚನೆ. ಕರ್ನಾಟಕ ಪೊಲೀಸರ ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಠಾಣೆಗೆ ಕರೆಸಿ ಎಲ್ಲವನ್ನೂ ತೋರಿಸುತ್ತಾರೆ. ರಾವೆಗೆ ಪೂರ್ತಿ ತಿರುಗುಮುರುಗು. ಇಲ್ಲಿನ ಉದ್ದೇಶ ಹೆದರಿಸುವುದಲ್ಲ, ಹೆದರಿಕೆ ಬಿಡಿಸುವುದು. ಕೇಳಲು ಹಿತವಾಗಿದೆ. ಆದರೆ ಕ್ಯಾಬಟ್‌ರ ಯೋಜನೆಯೂ ಕೇಳಲು ಹಿತವಾಗಿಯೇ ಇತ್ತು. ಒಂದು ತಾಲ್ಲೂಕಿನ ನಲವತ್ತು ಶಾಲೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿ, ಇಪ್ಪತ್ತು ಶಾಲೆಯ ಮಕ್ಕಳನ್ನು ಈ ವರ್ಷ, ಉಳಿದ ಇಪ್ಪತ್ತನ್ನು ಮುಂದಿನ ವರ್ಷ ಕರೆದೊಯ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ, ಎರಡನೇ ಕುಂಡವೂ ಸಿಗುತ್ತದೆ. ಠಾಣೆ ನೋಡಿ ಬಂದ ಹುಡುಗಿ ತನಗೆ ತೊಂದರೆಯಾದಾಗ ಪೊಲೀಸರ ಹತ್ತಿರ ಹೋಗಲು ಹಿಂಜರಿಯುವುದು ಕಡಿಮೆಯಾಯಿತೇ ಎಂದು ಆರು ತಿಂಗಳ ಮೇಲೆ ಕೇಳಬಹುದು. ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪಡೆಯಬೇಕು, ಯಾವ ಮಗುವಿನ ಹೆಸರೂ ಹೊರಗೆ ಬರಬಾರದು. ಎಂ.ಎ. ವಿದ್ಯಾರ್ಥಿಯೊಬ್ಬ ಒಂದು ವರ್ಷದಲ್ಲಿ ಮುಗಿಸಬಹುದಾದ ಕೆಲಸ. ಚೀಟಿ ಬರೆದು ಡಬ್ಬಕ್ಕೆ ಹಾಕುವ ಕೆಲಸಕ್ಕೆ ನಮ್ಮ ಎಂಟನೇ ತರಗತಿಯವರನ್ನು ಬೇಕಾದರೆ ಕಳುಹಿಸಿಕೊಡುತ್ತೇನೆ.